ನಿಲ್ಲುವ ಜಾಗಗಳು

ಲಡಾಖಿನ ಝಂಸ್ಕಾರ್ ಎಂದರೆ ಬೆಂಗಳೂರಿನ ಚಾರಣಿಗರಿಗೆ ಮೊದಲು ನೆನಪಾಗುವುದು ಚಾದರ್. ಜನವರಿ–ಫೆಬ್ರವರಿಯಲ್ಲಿ ನದಿ ಹೆಪ್ಪುಗಟ್ಟಿದಾಗ ಅದರ ಮೇಲೇ ನಡೆದುಹೋಗುವ ದಾರಿ ಅದು. ಅದೇ ನದಿ ಜುಲೈ ಬಂತೆಂದರೆ ಹಿಮನದಿಗಳ ನೀರು ತುಂಬಿಕೊಂಡು, ಬೂದುಬಣ್ಣಕ್ಕೆ ತಿರುಗಿ, ಪದುಮ್‌ನಿಂದ ನಿಮ್ಮುವಿನವರೆಗೆ ನೂರು ಕಿಲೋಮೀಟರಿಗೂ ಮಿಕ್ಕಿ ಬೆಟ್ಟ ಕೊರೆದುಕೊಂಡು ಓಡಿ ಸಿಂಧೂವನ್ನು ಸೇರುತ್ತದೆ. ಆ ನೀರಿನಲ್ಲಿ ರಾಫ್ಟ್ ಇಳಿಸಬೇಕೆಂದು ನಾವು ಕೆಲವರು ಹೊರಟದ್ದು ಈಗ ಹಳೆಯ ಮಾತು. ನದಿಯ ಮೇಲೆ ಕಳೆದದ್ದು ಕೆಲವೇ ದಿನ. ಅದಕ್ಕೆ ತಯಾರಾಗಲು ಹಿಡಿದದ್ದು ಇಡೀ ಒಂದು ಚಳಿಗಾಲ ಮತ್ತು ಬೇಸಿಗೆ. ಇವತ್ತು ಕಣ್ಣುಮುಚ್ಚಿದರೆ ಮೊದಲು ಎದ್ದುಬರುವುದು ಆ ತಯಾರಿಯ ತಿಂಗಳುಗಳೇ.

ಕಾರಣ ನನ್ನ ಸೋದರಮಾವ. ನೀರಾವರಿ ಇಲಾಖೆಯಲ್ಲಿ ಎಂಜಿನಿಯರಾಗಿದ್ದು ನಿವೃತ್ತರಾದ ಮೇಲೆ ತೀರ್ಥಹಳ್ಳಿಯ ಹತ್ತಿರ ಅಡಿಕೆ ತೋಟ ನೋಡಿಕೊಂಡಿದ್ದ ಅವರು ರಾಫ್ಟ್ ಹತ್ತಿದವರಲ್ಲ, ಹತ್ತುವ ಆಸೆಯೂ ಇರಲಿಲ್ಲ. ಎಳ್ಳಮಾವಾಸ್ಯೆ ಜಾತ್ರೆಗೆಂದು ಹೋದಾಗ ಸುಮ್ಮನೆ ವಿಷಯ ಹೇಳಿದೆ.

“ನೀರು ಎಷ್ಟಿರ್ತದೆ?” ಅಂದರು.

“ತುಂಬಾ ಇರತ್ತೆ ಮಾವ.”

“ತುಂಬಾ ಅನ್ನೋದು ಅಳತೆ ಅಲ್ಲ ಮಾರಾಯ್ತಿ. ಎಷ್ಟು ಕ್ಯೂಸೆಕ್?”

ಕಾವೇರಿ ಜಗಳದ ದಯೆಯಿಂದ ಕ್ಯೂಸೆಕ್ ಎಂಬ ಮಾತು ಕೇಳದ ಕನ್ನಡಿಗರಿಲ್ಲ. ಒಂದು ಸೆಕೆಂಡಿನಲ್ಲಿ ಒಂದು ಘನ ಅಡಿ ನೀರು. ಹೊರದೇಶದವರು ಬರೆದಿಟ್ಟ ನದಿ ಟಿಪ್ಪಣಿಗಳಲ್ಲಿ ಬರುವುದು ಕ್ಯೂಮೆಕ್, ಅಂದರೆ ಘನ ಮೀಟರ್. ಒಂದು ಕ್ಯೂಮೆಕ್ಕಿಗೆ ಸುಮಾರು 35 ಕ್ಯೂಸೆಕ್. ಮಾವ ಎಳೆವಯಸ್ಸಿನಲ್ಲಿ ಹೊಳೆಗೆ ಅಡ್ಡಲಾಗಿ ಹಗ್ಗ ಕಟ್ಟಿ, ದೋಣಿಯಲ್ಲಿ ನಿಂತು, ನೀರಿನ ಆಳದ ಹತ್ತರಲ್ಲಿ ಆರು ಪಾಲು ಕೆಳಗೆ ಮೀಟರ್ ಇಳಿಬಿಟ್ಟು ವೇಗ ಅಳೆದವರು. ಆ ಆಳದಲ್ಲಿ ಸಿಕ್ಕುವ ವೇಗವೇ ಹೆಚ್ಚುಕಡಿಮೆ ಇಡೀ ನೀರಿನ ಸರಾಸರಿ ವೇಗ ಎನ್ನುವುದನ್ನೂ, ವೇಗ ಎರಡುಪಟ್ಟಾದರೆ ಅಡ್ಡ ನಿಂತದ್ದರ ಮೇಲೆ ನೀರು ಹಾಕುವ ಒತ್ತಡ ನಾಲ್ಕುಪಟ್ಟಾಗುತ್ತದೆ ಎನ್ನುವುದನ್ನೂ ನಾನು ಕಲಿತದ್ದು ಅವತ್ತು, ಅವರ ಮನೆಯ ಜಗಲಿಯಲ್ಲಿ. “ಮೊಣಕಾಲು ಮಟ್ಟದ ನೀರು ತಾನೇ ಅಂತ ಎದ್ದು ನಿಂತರೆ ಕಾಲು ಬಂಡೆ ಸಂದಿಗೆ ಸಿಕ್ಕಿಕೊಳ್ತದೆ, ಮೈಯನ್ನ ನೀರು ಮಡಚಿ ಹಾಕ್ತದೆ” ಎಂದು ಅವರು ಹೇಳಿದ್ದನ್ನೇ ಮುಂದೆ ಎಲ್ಲ ತರಬೇತುದಾರರೂ ಹೇಳಿದರು: ಬಿದ್ದರೆ ಅಂಗಾತ ತೇಲಬೇಕು, ಪಾದ ಹರಿವಿನ ದಿಕ್ಕಿಗೆ ಮುಂದಿರಬೇಕು, ಬೆರಳು ನೀರಿನ ಮೇಲೆ ಕಾಣಬೇಕು.

ಕೊನೆಗೆ ಮಾವ ಒಂದು ಹಾಳೆ ತಂದು ನಾಲ್ಕು ಕಾಲಂ ಎಳೆದರು. ಮೊದಲನೆಯದು ಜಾಗ, ಎರಡನೆಯದು ದೂರ, ಮೂರನೆಯದು ಅಪಾಯ. ನಾಲ್ಕನೆಯದರ ತಲೆಗೆ ‘ಇಲ್ಲಿಂದ ಹೊರಗೆ ಬರುವುದು ಹೇಗೆ’ ಎಂದು ಬರೆದರು. “ಮುಂದೆ ಹೋಗೋಕೆ ಯೋಜನೆ ಬೇಡ. ನೀರೇ ಕರ್ಕೊಂಡು ಹೋಗ್ತದೆ. ನಿಲ್ಲೋದು ಎಲ್ಲಿ ಅಂತ ಬರ್ಕೊಂಡು ಬಾ.”

ಬೆಂಗಳೂರಿಗೆ ವಾಪಸಾಗಿ ಆ ಹಾಳೆಯನ್ನು ಗುಂಪಿನ ಮುಂದಿಟ್ಟೆ. ಒಬ್ಬಳು ಮಕ್ಕಳ ಡಾಕ್ಟರು, ಬ್ಯಾಂಕಿನಲ್ಲಿರುವ ಗಂಡ–ಹೆಂಡತಿ, ನನ್ನ ಆಫೀಸಿನ ಇಬ್ಬರು, ಮತ್ತು ಮಳೆಗಾಲ ಬಂತೆಂದರೆ ಕಯಾಕ್ ಹೊತ್ತುಕೊಂಡು ಕೊಡಗಿಗೂ ಕೋಯಿಕ್ಕೋಡಿನ ಹೊಳೆಗಳಿಗೂ ಓಡುವ ಒಬ್ಬ ಹುಡುಗ. ನಮ್ಮಲ್ಲಿ ನಿಜವಾಗಿ ನೀರು ಬಲ್ಲವನು ಅವನೊಬ್ಬನೇ. ಅವನು ತನ್ನದೇ ಕಯಾಕ್‌ನಲ್ಲಿ ಬರುವುದು, ಉಳಿದವರು ರಾಫ್ಟ್‌ನಲ್ಲಿ ಎಂದು ಮೊದಲೇ ತೀರ್ಮಾನವಾಗಿತ್ತು.

ಮೊದಲ ಮೂರು ಕಾಲಂ ತುಂಬುವುದು ಕಷ್ಟವಾಗಲಿಲ್ಲ. ಉಪಗ್ರಹ ಚಿತ್ರಗಳನ್ನು ಹಿಗ್ಗಿಸಿ ನೋಡಿದರೆ ನೀರು ಬಿಳಿಯಾಗುವ ಜಾಗಗಳು ಕಾಣುತ್ತವೆ. ನದಿಗಳ ಕಷ್ಟವನ್ನು ಅಳೆಯಲು 1ರಿಂದ 6ರವರೆಗಿನ ಅಂತರರಾಷ್ಟ್ರೀಯ ಗ್ರೇಡ್‌ಗಳಿವೆ; ಒಂದು ಎಂದರೆ ಸಣ್ಣ ಅಲೆ, ಆರು ಎಂದರೆ ಬಹುಮಟ್ಟಿಗೆ ಯಾರೂ ಇಳಿಯಬಾರದ್ದು. ಝಂಸ್ಕಾರ್‌ಗೆ ಮೂರು, ನಾಲ್ಕು ಎನ್ನುತ್ತಾರೆ. ದಾಂಡೇಲಿಯ ಕಾಳಿಯಲ್ಲಿ ಎರಡು–ಮೂರನ್ನು ನಗುನಗುತ್ತಾ ದಾಟಿದವರಿಗೆ ಇದು ಒಂದೇ ಮೆಟ್ಟಿಲು ಮೇಲೆ ಎನ್ನಿಸುತ್ತದೆ. ಕಯಾಕ್ ಹುಡುಗ ಅಲ್ಲೇ ತಡೆದ. ನೀರು 10 ಡಿಗ್ರಿಗಿಂತ ತಣ್ಣಗಿದ್ದರೆ, ಅಥವಾ ಸಹಾಯ ದೂರವಿದ್ದರೆ, ಬರೆದಿರುವ ಗ್ರೇಡ್‌ಗೆ ಇನ್ನೊಂದು ಸೇರಿಸಿಕೊಳ್ಳುವುದು ಈ ಆಟದ ರೂಢಿ ಎಂದ. ಝಂಸ್ಕಾರ್‌ನಲ್ಲಿ ಎರಡೂ ಇದ್ದವು. ಕರಗಿದ ಹಿಮದ ನೀರಿಗೆ ಬಿದ್ದವರಿಗೆ ಮೊದಲ ನಿಮಿಷ ಉಸಿರೇ ಹತೋಟಿಗೆ ಸಿಗುವುದಿಲ್ಲ. ಆಮೇಲೆ ಬೆರಳು ಮಾತು ಕೇಳುವುದಿಲ್ಲ, ಎಸೆದ ಹಗ್ಗ ಹಿಡಿಯಲಾಗುವುದಿಲ್ಲ. ವೆಟ್‌ಸೂಟ್ ಬೇಕು, ಅದರ ಮೇಲೆ ಗಾಳಿ ತಡೆಯುವ ಜಾಕೆಟ್ ಬೇಕು, ಜತೆಯಲ್ಲಿ ಸೇಫ್ಟಿ ಕಯಾಕ್ ಇರಲೇಬೇಕು ಎಂದು ಪಟ್ಟಿ ಬೆಳೆಯಿತು.

ನಾಲ್ಕನೆಯ ಕಾಲಂ ಮಾತ್ರ ತುಂಬಲೇ ಇಲ್ಲ. ಆಗ ಪದುಮ್ ಕಡೆಯಿಂದ ರಸ್ತೆ ಝಂಗ್ಲಾದ ಆಸುಪಾಸಿನವರೆಗೆ ಬರುತ್ತಿತ್ತು. ಈ ತುದಿಯಲ್ಲಿ ನಿಮ್ಮುವಿನಿಂದ ಚಿಲ್ಲಿಂಗ್ ದಾಟಿ ಸ್ವಲ್ಪ ದೂರ ಇತ್ತು. ನಡುವೆ ಕಮರಿ. ಅದರೊಳಗೆ ನೆರಕ್ ಎಂಬ ಹಳ್ಳಿಯ ಹತ್ತಿರ ದಡ ಹತ್ತಬಹುದು. ಹತ್ತಿದರೆ ಲಿಂಗ್‌ಶೆಡ್ ಕಡೆಗೆ ಕಾಲುದಾರಿಯಿದೆ, ಅಲ್ಲಿಂದಾಚೆಗೂ ಕಣಿವೆ–ಕಣಿವೆ ದಾಟಿಕೊಂಡು ನಡೆಯಬೇಕು. ಮೊಬೈಲ್ ಸಿಗ್ನಲ್ ಇಲ್ಲ. ಸ್ಯಾಟಲೈಟ್ ಫೋನ್ ಒಯ್ಯೋಣವೆಂದರೆ ಸರ್ಕಾರದ ಅನುಮತಿಯಿಲ್ಲದೆ ನಮ್ಮ ದೇಶದಲ್ಲಿ ಅದನ್ನು ಇಟ್ಟುಕೊಳ್ಳುವುದೇ ಅಪರಾಧ, ಅದೂ ಲಡಾಖಿನಂಥ ಗಡಿನಾಡಿನಲ್ಲಿ. ನಾಲ್ಕನೆಯ ಕಾಲಂನಲ್ಲಿ ಸಾಲುಸಾಲಾಗಿ ಖಾಲಿ ಮನೆಗಳು. ಆ ಖಾಲಿ ಮನೆಗಳೇ ನಮ್ಮ ಯೋಜನೆಯನ್ನು ಬರೆದವು ಎನ್ನಬೇಕು. ಕಮರಿಯೊಳಗೆ ಮನಸ್ಸು ಬದಲಾಯಿಸುವ ಅವಕಾಶವಿಲ್ಲ ಎಂದಾದ ಮೇಲೆ, ಬದಲಾಯಿಸುವುದಿದ್ದರೆ ಅದು ಕಮರಿಯ ಬಾಯಿಗೆ ಬರುವ ಮುಂಚೆಯೇ ಆಗಬೇಕು. ಹಾಗೆ ಆಗಲು ಏನೇನು ಬೇಕು? ಮುಂದಿನ ನಮ್ಮ ಚರ್ಚೆಗಳೆಲ್ಲ ಇದರ ಸುತ್ತಲೇ.

ಮೊದಲು ಕಾಲ. ಜೂನ್‌ನಲ್ಲಿ ಪೆನ್ಸಿ ಲಾ ಕಣಿವೆದಾರಿ ತೆರೆದಿರುತ್ತದೆಂಬ ಭರವಸೆಯಿಲ್ಲ. ಜುಲೈಯಲ್ಲಿ ನೀರು ಉಕ್ಕುತ್ತದೆ. ಸೆಪ್ಟೆಂಬರ್ ಹೊತ್ತಿಗೆ ಚಳಿ ಹತ್ತುತ್ತದೆ. ಆಗಸ್ಟ್ ಕೊನೆಯ ಭಾಗದಲ್ಲಿ ಹರಿವು ಒಂದಿಷ್ಟು ಇಳಿದಿರುತ್ತದೆ ಎಂದು ಅದನ್ನೇ ಆರಿಸಿದೆವು. ಲಡಾಖಿನಲ್ಲಿ ಮಳೆಯಿಲ್ಲ ಎಂಬ ಮಾತನ್ನು ನಂಬುವ ಹಾಗೂ ಇರಲಿಲ್ಲ. 2010ರ ಆಗಸ್ಟ್ ಮೊದಲ ವಾರದ ಒಂದೇ ರಾತ್ರಿಯ ಮೇಘಸ್ಫೋಟ ಲೇಹ್ ಊರನ್ನು ಕೆಸರಿನಲ್ಲಿ ಹೂತದ್ದು ಎಲ್ಲರಿಗೂ ನೆನಪಿತ್ತು. ಅದರ ಮೇಲೆ ಇನ್ನೊಂದು ಕಥೆ. 2014ರ ಡಿಸೆಂಬರ್ ಕೊನೆಯಲ್ಲಿ ಫುಗ್ತಲ್ ಗೊಂಪಾ ಎಂಬ ಬೌದ್ಧ ಮಠದ ಕಡೆ ಬೆಟ್ಟ ಕುಸಿದು ಝಂಸ್ಕಾರ್‌ನ ಉಪನದಿ ತ್ಸರಪ್‌ಗೆ ಅಡ್ಡ ಕಟ್ಟೆಯಾಯಿತು. ಹಿಂದೆ ಕೆರೆಯಂತೆ ನೀರು ನಿಂತಿತು. 2015ರ ಮೇ 7ರಂದು ಕಟ್ಟೆ ಒಡೆದು ಕೆಳಗಿನ ಸೇತುವೆಗಳನ್ನು ಕೊಚ್ಚಿಕೊಂಡು ಹೋಯಿತು. ಅಂಥ ಪ್ರವಾಹ ಹೊಳೆಯ ತಳದ ಬಂಡೆಗಳನ್ನೇ ಸರಿಸಬಲ್ಲದು. “ಹಾಗಾದರೆ ಅದಕ್ಕಿಂತ ಹಿಂದಿನವರು ಬರೆದದ್ದನ್ನೆಲ್ಲ ಪೆನ್ಸಿಲ್‌ನಲ್ಲಿ ಬರ್ಕೋ, ಪೆನ್ನಿನಲ್ಲಿ ಬೇಡ” ಎಂದರು ಮಾವ ಫೋನಿನಲ್ಲಿ.

ಆಮೇಲೆ ಕಂಪನಿ ಆರಿಸುವ ಕೆಲಸ. ನಾವಾಗಿ ನಾವೇ ಇಳಿಯುವ ತಾಕತ್ತು ನಮಗಿರಲಿಲ್ಲ. ರಾಫ್ಟ್, ಗೈಡ್, ಅಡುಗೆ ಎಲ್ಲ ಅವರದೇ. ಫೋನ್ ಮಾಡಿ ಕೇಳುವ ಪ್ರಶ್ನೆಗಳನ್ನು ಡಾಕ್ಟರು ಬರೆದುಕೊಂಡಿದ್ದಳು. ಸೇಫ್ಟಿ ಕಯಾಕ್ ಎಷ್ಟು? ಗೈಡ್ ಈ ನದಿಯಲ್ಲಿ ಎಷ್ಟು ವರ್ಷ ಇಳಿದಿದ್ದಾರೆ? ಪ್ರಥಮ ಚಿಕಿತ್ಸೆ ಯಾರಿಗೆ ಬರುತ್ತದೆ? ಕೊನೆಯ ಪ್ರಶ್ನೆ ಮಾವನದ್ದು: ನೀರು ಎಷ್ಟಾದರೆ ನೀವು ಇಳಿಸುವುದಿಲ್ಲ? ಒಬ್ಬರು “ನಮ್ಮ ಕಂಪನಿ ಇಲ್ಲಿವರೆಗೆ ಒಂದೇ ಒಂದು ಟ್ರಿಪ್ಪನ್ನೂ ಕ್ಯಾನ್ಸಲ್ ಮಾಡಿಲ್ಲ ಮೇಡಂ” ಎಂದು ಹೆಮ್ಮೆಯಿಂದ ಹೇಳಿದರು. ಅವರ ದರವೇ ಎಲ್ಲಕ್ಕಿಂತ ಕಡಿಮೆಯಿತ್ತು. ಅವರ ಹೆಸರಿನ ಮೇಲೆ ಗೀಟು ಬಿತ್ತು. ಇನ್ನೊಬ್ಬರು, ಗೈಡ್ ಬೇಡವೆಂದರೆ ಬೇಡವೇ, ಅಂಥ ಹೊತ್ತಿನಲ್ಲಿ ಕೊಟ್ಟ ಹಣದಲ್ಲಿ ಸ್ವಲ್ಪ ಭಾಗ ಮಾತ್ರ ವಾಪಸು ಎಂದರು. ಬ್ಯಾಂಕಿನ ದಂಪತಿ ಗೊಣಗಿದರೂ ಅವರನ್ನೇ ಒಪ್ಪಿಕೊಂಡೆವು.

ದೊಡ್ಡ ಜಗಳವಾದದ್ದು ಖಾಲಿ ಗಾಡಿಯ ವಿಷಯದಲ್ಲಿ. ಲೇಹ್‌ನಿಂದ ಕಾರ್ಗಿಲ್, ರಂಗ್ದುಮ್ ಮೇಲೆ ಪದುಮ್ ಮುಟ್ಟಲು ಎರಡು ದಿನದ ದಾರಿ. ನಮ್ಮನ್ನು ಇಳಿಸಿದ ಗಾಡಿ ಹಾಗೇ ಹೊರಟುಹೋಗುವುದು ವಾಡಿಕೆ. ಮೊದಲ ದಿನ ನದಿ ಅಗಲ ಬಯಲಿನಲ್ಲಿ ಮೆಲ್ಲಗೆ ಹರಿಯುತ್ತದೆ, ರಸ್ತೆ ಪಕ್ಕದಲ್ಲೇ ಇರುತ್ತದೆ. ಆ ದಿನವನ್ನು ಪರೀಕ್ಷೆಯ ದಿನವೆಂದಿಟ್ಟುಕೊಂಡು, ಒಂದು ಗಾಡಿಯನ್ನು ಆ ರಾತ್ರಿ ರಸ್ತೆ ಮುಗಿಯುವಲ್ಲಿ ನಿಲ್ಲಿಸಿಕೊಳ್ಳೋಣ, ಬೆಳಿಗ್ಗೆ ಯಾರಿಗೆ ಬೇಡವೆನ್ನಿಸಿದರೂ ಹತ್ತಿ ವಾಪಸು ಹೋಗಲಿ ಎಂದು ನನ್ನ ಸಲಹೆ. “ಯಾರೂ ಹತ್ತದ ಗಾಡಿಗೆ ಅಷ್ಟು ದುಡ್ಡು ಯಾಕೆ?” ಎಂಬ ಪ್ರಶ್ನೆ ಎದ್ದಿತು. ಗಾಡಿ ಇದ್ದರೆ ಹೆದರಿಕೆಗೆ ನಾವೇ ಕುರ್ಚಿ ಹಾಕಿ ಕೂರಿಸಿದಂತೆ ಎಂದು ಆಫೀಸಿನವನೊಬ್ಬ ವಾದಿಸಿದ. ಎರಡು ಭಾನುವಾರ ಇದೇ ಮಾತು. ಕೊನೆಗೆ ಕಯಾಕ್ ಹುಡುಗ, ಗಾಡಿ ಇಲ್ಲದಿದ್ದರೆ ತಾನು ಬರುವುದಿಲ್ಲ ಎಂದ ಮೇಲೆ ಎಲ್ಲರೂ ಸುಮ್ಮನಾದರು. ಬಲ್ಲವನಿಗೇ ಗಾಡಿ ಬೇಕೆನ್ನಿಸಿದರೆ ಉಳಿದವರು ಏನು ಹೇಳಿಯಾರು?

ನೀರಿನ ಅಭ್ಯಾಸ ಎರಡು ಕಡೆ ನಡೆಯಿತು. ಮೊದಲು ಹೊನ್ನೆಮರಡು. ಲಿಂಗನಮಕ್ಕಿಯ ಹಿನ್ನೀರು ಸದ್ದಿಲ್ಲದೆ ಹರಡಿಕೊಂಡಿರುವ ಕಡೆ, ಬೇಕೆಂದೇ ಮಗುಚಿಕೊಂಡು, ದೋಣಿಯ ಕೆಳಗಿನಿಂದ ಹೊರಬಂದು, ಮತ್ತೆ ಹತ್ತುವುದನ್ನು ಕಲಿತೆವು. ಈಜು ಬಂದವರಿಗೂ ಲೈಫ್ ಜಾಕೆಟ್ ತೊಟ್ಟು ಈಜುವುದು ಬೇರೆಯೇ ವಿದ್ಯೆ. ಆಮೇಲೆ ಗಣೇಶಗುಡಿ. ಅಲ್ಲಿ ಕಾಳಿಯ ಹರಿವು ಸೂಪಾ ಅಣೆಕಟ್ಟೆಯ ಕೈಯಲ್ಲಿದೆ. 101 ಮೀಟರ್ ಎತ್ತರದ ಆ ಕಟ್ಟೆಯ ಬುಡದ ವಿದ್ಯುದಾಗಾರದಲ್ಲಿ 50 ಮೆಗಾವಾಟಿನ ಎರಡು ಯಂತ್ರಗಳಿವೆ. ಅವು ತಿರುಗಿದರೆ ನೀರು, ನಿಂತರೆ ಬರೀ ಬಂಡೆ. ಬೆಳಿಗ್ಗೆ ದಡದಲ್ಲಿ ಕೂತು, ರಾಜ್ಯಕ್ಕೆ ಕರೆಂಟು ಬೇಕಾಗಲಿ ಎಂದು ಹಾರೈಸಿಕೊಂಡು ಕಾದದ್ದಿದೆ. ನೀರು ಬಂದ ಮೇಲೆ ಅಲ್ಲಿಯ ಗೈಡ್ ನಮ್ಮಿಂದ ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡಿಸಿದ: ರಾಫ್ಟ್ ಬಂಡೆಗೆ ಅಡ್ಡ ಬಡಿದಾಗ “ಹೈಸೈಡ್” ಎಂದು ಕೂಗಿದೊಡನೆ ಎಲ್ಲರೂ ಬಂಡೆಯ ಕಡೆಗೇ ಹಾರಿ ಭಾರ ಹಾಕುವುದು. ಮನುಷ್ಯನ ಮನಸ್ಸು ಬಂಡೆಯಿಂದ ದೂರ ಸರಿಯಲು ಹೇಳುತ್ತದೆ. ಸರಿದರೆ ನೀರು ಮೇಲಿನ ಅಂಚನ್ನು ಒಳಕ್ಕೆ ಒತ್ತಿ ರಾಫ್ಟನ್ನು ಮಗುಚುತ್ತದೆ. ಮೈ ಒಪ್ಪುವ ತನಕ ಹಾರಿಸಿದ.

ಅಮ್ಮನಿಗೆ ಹೇಳುವ ಕೆಲಸವನ್ನು ಮಾವನೇ ವಹಿಸಿಕೊಂಡರು. ಏನು ಹೇಳಿದರೋ ಗೊತ್ತಿಲ್ಲ. “ನಿನ್ನ ಮಾವ ಹಾಳೆ ನೋಡಿದ್ದಾನಂತೆ, ಹಾಗಾದ್ರೆ ಹೋಗಿ ಬಾ” ಎಂದಷ್ಟೇ ಅಮ್ಮ ಅಂದಳು.

ಲೇಹ್‌ನ ಎತ್ತರ ಸುಮಾರು 3,500 ಮೀಟರ್. ಇಳಿದ ಮೇಲೆ ಸುಮ್ಮನೆ ಮಲಗಿರಬೇಕೆಂದು ಡಾಕ್ಟರ ಕಟ್ಟಪ್ಪಣೆ. ಹಾಳೆಯಲ್ಲಿ ಅದಕ್ಕೂ ದಿನಗಳಿದ್ದವು. ಆಮೇಲೆ ಸುರು ಕಣಿವೆಯ ದೂಳು, ರಂಗ್ದುಮ್‌ನ ಗಾಳಿ, 4,400 ಮೀಟರಿನ ಪೆನ್ಸಿ ಲಾ. ಕಣಿವೆದಾರಿ ದಾಟಿದ ಕೂಡಲೇ ಬಲಗಡೆ ದ್ರಂಗ್‌ದ್ರುಂಗ್ ಹಿಮನದಿ ಕಾಣುತ್ತದೆ. ನಾವು ಇಳಿಯಲಿದ್ದ ನೀರಿನ ಒಂದು ಪಾಲು ಅಲ್ಲಿಂದಲೇ ಹೊರಡುತ್ತದೆ. ಸೂಪಾದಲ್ಲಿ ಗುಂಡಿ ಒತ್ತುವವರಿದ್ದರು. ಇಲ್ಲಿ ಆ ಕೆಲಸ ಬಿಸಿಲಿನದು. ಮಧ್ಯಾಹ್ನದ ಬಿಸಿಲಿಗೆ ಕರಗಿದ್ದು ಸಂಜೆಗೋ ರಾತ್ರಿಗೋ ಕೆಳಗೆ ಮುಟ್ಟಿ ಹೊಳೆ ಏರುತ್ತದೆ, ಬೆಳಗಿನ ಜಾವಕ್ಕೆ ಇಳಿಯುತ್ತದೆ. ಹಾಗಾಗಿ ಹೊರಡುವುದು ಬೆಳಿಗ್ಗೆ, ಸಂಜೆ ರಾಫ್ಟ್‌ಗಳನ್ನು ದಡದ ಮೇಲಕ್ಕೆ ಎಳೆದು ಕಟ್ಟುವುದು.

ಪದುಮ್ ಕೆಳಗೆ ನೀರಿಗಿಳಿದೆವು. ನೇಪಾಳದ ಹಿರಿಯ ಗೈಡ್ ಮಾತು ಕಡಿಮೆ. ಮೊದಲ ದಿನ ಕರ್ಶಾ ಗೊಂಪಾ ಬೆಟ್ಟಕ್ಕಂಟಿದ ಬಿಳಿ ಗೋಡೆಗಳೊಂದಿಗೆ ತುಂಬ ಹೊತ್ತು ನಮ್ಮ ಜತೆಗೇ ಇತ್ತು. ನದಿ ಸೌಮ್ಯವಾಗಿತ್ತು. ಬ್ಯಾಂಕಿನವರು ಹಾಡು ಹೇಳಿದರು. ಗಾಡಿಯ ದುಡ್ಡು ದಂಡವಾಯಿತೆಂದು ತಮಾಷೆಯೂ ಆಯಿತು.

ಸಂಜೆ ಊಟದ ಹೊತ್ತಿಗೆ ಕಯಾಕ್ ಹುಡುಗ, ನಾಳೆ ತಾನು ಬರುವುದಿಲ್ಲ ಎಂದ. ಲೇಹ್‌ನಿಂದಲೂ ಬಿಡದ ಸಣ್ಣ ತಲೆನೋವು. ಅವತ್ತು ತಿಳಿನೀರಿನಲ್ಲಿ ಒಂದು ಸಲ ಮಗುಚಿ ಎದ್ದಿದ್ದನಂತೆ, ನಾವ್ಯಾರೂ ನೋಡಿರಲಿಲ್ಲ. “ಎದ್ದೆ. ಆದ್ರೆ ಅರ್ಧ ಸೆಕೆಂಡು ಎಲ್ಲಿದೀನಿ ಅಂತ ಗೊತ್ತಾಗ್ಲಿಲ್ಲ. ನಾಳೆ ಆ ಅರ್ಧ ಸೆಕೆಂಡು ಇರಲ್ಲ.” ಡಾಕ್ಟರು ಬೆರಳಿಗೆ ಆಕ್ಸಿಜನ್ ಮಾಪಕ ಹಾಕಿ ನೋಡಿದಳು, ಕಮರಿಗೆ ಬರಲೇಬಾರದು ಎನ್ನುವಷ್ಟೇನೂ ಕಡಿಮೆಯಿರಲಿಲ್ಲ. ಕಯಾಕ್ ಬಿಟ್ಟು ರಾಫ್ಟ್‌ನಲ್ಲಿ ಬಾ ಎಂದೆವು. ತಲೆಯಾಡಿಸಿದ. ಕಮರಿಯೊಳಗೆ ತಲೆನೋವು ಜಾಸ್ತಿಯಾದರೆ ಎಲ್ಲರ ಪ್ರಯಾಣವೂ ತನ್ನನ್ನು ಹೊರತರುವ ಪ್ರಯಾಣವಾಗುತ್ತದೆ ಎಂದ. ಗೈಡ್ ಅಷ್ಟು ಹೊತ್ತು ಕೇಳಿಸಿಕೊಂಡು ಕೂತಿದ್ದವನು ಎದ್ದು ಹೋಗಿ, ಗಾಡಿಯ ಡ್ರೈವರಿಗೆ ಬೆಳಿಗ್ಗೆ ಒಬ್ಬರಿದ್ದಾರೆ ಎಂದು ಹೇಳಿ ಬಂದ. ಅಷ್ಟೇ. ಯಾರೂ ಇನ್ನೊಮ್ಮೆ ಒತ್ತಾಯಿಸಲಿಲ್ಲ.

ಅವನು ಹೊರಟ ಮೇಲೆ ಉಳಿದವರ ನಡವಳಿಕೆಯೇ ಬದಲಾಯಿತು ಎನ್ನುವುದನ್ನು ಆಮೇಲೆ ಯೋಚಿಸಿ ಕಂಡುಕೊಂಡೆ. ನಮ್ಮಲ್ಲಿ ಎಲ್ಲರಿಗಿಂತ ಬಲ್ಲವನು ಬೇಡವೆಂದು ಹೋದದ್ದರಿಂದ ಮಿಕ್ಕವರಿಗೆ ತಮ್ಮ ಅನುಮಾನವನ್ನು ಬಾಯಿಬಿಟ್ಟು ಹೇಳುವ ಧೈರ್ಯ ಬಂದಿತ್ತು. ಮಾರನೆಯ ಬೆಳಿಗ್ಗೆ ಬ್ಯಾಂಕಿನಾಕೆ ತನಗೆ ರಾಫ್ಟ್‌ನ ಮುಂದಿನ ಜಾಗ ಬೇಡ, ಹೆದರಿಕೆಯಾಗುತ್ತದೆ ಎಂದಳು. ಹಿಂದಿನ ದಿನವಾಗಿದ್ದರೆ ಹಲ್ಲು ಕಚ್ಚಿ ಕೂತಿರುತ್ತಿದ್ದಳು. ಗಂಡನ ವೆಟ್‌ಸೂಟ್ ಸಂದಿಯಲ್ಲಿ ಹರಿದಿರುವುದು ಹೊರಬಿತ್ತು. ಅಷ್ಟಕ್ಕೆ ತಡಮಾಡಬಾರದೆಂದು ಮುಚ್ಚಿಟ್ಟುಕೊಂಡಿದ್ದನಂತೆ. ಗೈಡ್ ಬೇರೆಯದು ಕೊಟ್ಟ.

ಕಮರಿಯನ್ನು ಬಣ್ಣಿಸಲು ನನ್ನಲ್ಲಿ ಮಾತು ಕಡಿಮೆ. ಎರಡೂ ಬದಿಗೆ ನೇರಳೆ, ಹಸಿರು, ಕೆಂಪು ಕಲ್ಲಿನ ಪದರಗಳು ಓರೆಯಾಗಿ ಮೇಲೆದ್ದಿವೆ. ಬಿಸಿಲು ನೀರಿಗೆ ಮುಟ್ಟುವುದು ನಡುಹಗಲು ಸ್ವಲ್ಪ ಹೊತ್ತು. ನೆರಕ್ ಹತ್ತಿರ ಗೋಡೆಗಳು ಕೆಲವೇ ಮೀಟರಿನಷ್ಟು ಸಮೀಪ ಬಂದು ಇಡೀ ನದಿ ಅದರೊಳಗೆ ತೂರುತ್ತದೆ. ಅದಕ್ಕೆ ಮುಂಚೆ ಗೈಡ್ ರಾಫ್ಟ್‌ಗಳನ್ನು ದಡಕ್ಕೆ ಹಚ್ಚಿಸಿ, ಬಂಡೆ ಹತ್ತಿ, ತುಂಬ ಹೊತ್ತು ನೀರನ್ನೇ ನೋಡುತ್ತ ನಿಂತ. ನಾವು ಅವನ ಮುಖ ನೋಡುತ್ತ ನಿಂತೆವು. ಕೆಳಗೆ ಬಂದು ಯಾರು ಎಲ್ಲಿ ಕೂರಬೇಕೆಂದು ಬದಲಾಯಿಸಿ, ಹೋಗೋಣ ಎಂದ. ಆ ಇಕ್ಕಟ್ಟು ಸಲೀಸಾಗಿ ದಾಟಿತು. ಪೆಟ್ಟು ಬಿದ್ದದ್ದು ಅದರ ಕೆಳಗೆ, ನಕ್ಷೆಯಲ್ಲಿ ನಾವು ಗುರುತೇ ಹಾಕಿರದ ಒಂದು ತಿರುವಿನಲ್ಲಿ. ರಾಫ್ಟ್ ಅಡ್ಡ ತಿರುಗಿ ಬಂಡೆಗೆ ಬಡಿಯಿತು. “ಹೈಸೈಡ್” ಎಂಬ ಕೂಗು ಕಿವಿಗೆ ಬೀಳುವ ಹೊತ್ತಿಗೆ ನಾನು ಬಂಡೆಯ ಕಡೆಗೆ ಬಿದ್ದಾಗಿತ್ತು. ಡಾಕ್ಟರು ನನ್ನ ಬೆನ್ನ ಮೇಲೆ. ಬ್ಯಾಂಕಿನಾತ ಮಾತ್ರ ನೀರಿಗೆ ಹೋದ. ಪಾದ ಮುಂದೆ ಮಾಡಿ ಅಂಗಾತ ತೇಲುತ್ತಿದ್ದ ಅವನನ್ನು ಸೇಫ್ಟಿ ಕಯಾಕ್‌ನವನು ಕೆಳಗಿನ ನಿಂತ ನೀರಿಗೆ ಎಳೆದು ತಂದ. ದಡದಲ್ಲಿ ನಡುಗುತ್ತ ಕೂತವನು ಮೊದಲು ಕೇಳಿದ್ದು, ಆ ಹರಿದ ಸೂಟ್‌ನಲ್ಲೇ ಇದ್ದಿದ್ದರೆ ಏನಾಗುತ್ತಿತ್ತು ಎಂದು.

ಚಿಲ್ಲಿಂಗ್ ಬಂತು. ತಾಮ್ರ–ಹಿತ್ತಾಳೆಯ ಕುಸುರಿ ಕೆಲಸಕ್ಕೆ ಹೆಸರಾದ ಹಳ್ಳಿ ಅದು. ಅಲ್ಲಿಂದಾಚೆ ರಸ್ತೆ ಮತ್ತೆ ಪಕ್ಕಕ್ಕೆ ಬಂದಿತು. ನಿಮ್ಮುವಿನಲ್ಲಿ ನಮ್ಮ ಬೂದು ನೀರು ಸಿಂಧೂವಿಗೆ ಸೇರುವಲ್ಲಿ ಕಯಾಕ್ ಹುಡುಗ ನಿಂತಿದ್ದ. ತಲೆನೋವು ಬಿಟ್ಟಿತ್ತಂತೆ. ಇವನು ಬಂದಿದ್ದರೂ ಏನೂ ಆಗುತ್ತಿರಲಿಲ್ಲ ಎಂದು ಒಂದು ಗಳಿಗೆ ನನಗೆ ಅನ್ನಿಸಿದ್ದು ನಿಜ. ಆದರೆ ತೀರ್ಮಾನವನ್ನು ಫಲಿತಾಂಶದಿಂದ ಅಳೆಯಬಾರದೆಂದು ಮಾವ ಹೇಳುತ್ತಿದ್ದರು. ಗೇಟು ತೆರೆಯಬೇಕೋ ಬೇಡವೋ ಎನ್ನುವುದನ್ನು ಅವತ್ತಿನ ರಾತ್ರಿ ಗೊತ್ತಿದ್ದಷ್ಟರಿಂದ ನಿರ್ಧರಿಸಬೇಕು, ಬೆಳಿಗ್ಗೆ ಮಳೆ ನಿಂತಿತೆಂದು ಹಿಂದಿನ ರಾತ್ರಿ ಗೇಟು ತೆಗೆದವನು ದಡ್ಡನಾಗುವುದಿಲ್ಲ ಎನ್ನುವುದು ಅವರ ಇಲಾಖೆಯ ಪಾಠ.

ಈಗ ನಿಮ್ಮು–ಪದುಮ್–ದಾರ್ಚಾ ರಸ್ತೆ ಆ ಕಮರಿಯನ್ನು ಹಾದುಹೋಗುತ್ತದೆ. 298 ಕಿಲೋಮೀಟರಿನ ಆ ದಾರಿಯನ್ನು ಗಡಿ ರಸ್ತೆ ಸಂಸ್ಥೆ 2024ರ ಮಾರ್ಚ್‌ನಲ್ಲಿ ಜೋಡಿಸಿ ಮುಗಿಸಿತು. ಝಂಸ್ಕಾರಿಗಳಿಗೆ ಇದರಿಂದ ಆಸ್ಪತ್ರೆ, ಶಾಲೆ ಹತ್ತಿರವಾಗಿವೆ. ಕಮರಿ ಕೆಟ್ಟಿತೆಂದು ದೂರದಲ್ಲಿ ಕೂತು ಹಲುಬುವುದು ನನಗೆ ಸರಿಕಾಣುವುದಿಲ್ಲ. ನಮ್ಮ ಹಾಳೆಯ ನಾಲ್ಕನೆಯ ಕಾಲಂ ಇವತ್ತಾದರೆ ಸುಲಭವಾಗಿ ತುಂಬಬಹುದು. ಹಾಗೆಂದು ನಿಲ್ಲುವವರು ಹೆಚ್ಚಾಗುತ್ತಾರೆ ಎಂದೇನೂ ನಾನು ನಂಬಿಲ್ಲ. ರಸ್ತೆ ಪಕ್ಕದ ಹೊಳೆಗಳಲ್ಲೇ ಸ್ನೇಹಿತರ ಮುಂದೆ ಬೇಡವೆನ್ನಲಾರದೆ ಇಳಿದವರನ್ನು ನೋಡಿದ್ದೇನೆ.

ಕಳೆದ ಮಳೆಗಾಲ ಅಕ್ಕನ ಮಗಳು ಕೊಡಗಿನ ಬರಪೊಳೆಯಲ್ಲಿ ಇಳಿಯಬೇಕೆಂದು ಫೋನ್ ಮಾಡಿದಳು. ಅದು ಮಳೆ ನಂಬಿದ ಹೊಳೆ. ರಾತ್ರಿ ಬ್ರಹ್ಮಗಿರಿಯ ಮೇಲೆ ಸುರಿದದ್ದು ಬೆಳಿಗ್ಗೆಗೆ ಗ್ರೇಡ್ ಬದಲಾಯಿಸುತ್ತದೆ. ನಾಲ್ಕು ಕಾಲಂ ಹಾಳೆ ಕಳಿಸಿದ್ದೆ, ಚೆನ್ನಾಗಿ ತುಂಬಿ ವಾಪಸು ಕಳಿಸಿದ್ದಳು.

“ನಿಮ್ಮ ಗುಂಪಲ್ಲಿ ಬೇಡ ಅನ್ನೋರು ಯಾರಿದ್ದಾರೆ?” ಎಂದು ಕೇಳಿದೆ.

“ಯಾರೂ ಇಲ್ಲ ಚಿಕ್ಕಮ್ಮ, ಎಲ್ಲರೂ ರೆಡಿ!”

“ಹಾಗಾದ್ರೆ ಇನ್ನೂ ಒಬ್ಬರನ್ನ ಹುಡುಕು” ಎಂದೆ.